ಹನ್ನೊಂದನೇ ಪೀಪಾಯಿ

ವಿಸ್ಕಾನ್ಸಿನ್, ಡೋರ್ ಕೌಂಟಿ. ಫೆಬ್ರವರಿ ಕೊನೆ.
ಚಿಲಕ ಮುಟ್ಟಿದರೆ ಬೆರಳು ಅಂಟಿಕೊಳ್ಳುವ ಚಳಿ.
ಬ್ರಸೆಲ್ಸ್ ಎಂಬ ನಾಲ್ಕು ಬೀದಿಯ ಊರಿನಾಚೆ
ಚೆರ್ರಿ ತುಂಬುತ್ತಿದ್ದ ಹಳೇ ಶೆಡ್ಡಿನೊಳಗೆ ಈಗ ಬ್ರೂವರಿ.
ನಾನು ತೆರಿಗೆ ಇಲಾಖೆಯವಳು.
ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಒಂದೇ ಫಾರಂ:
ನಾಶಕ್ಕೆ ಸಾಕ್ಷಿ.

"ಹನ್ನೊಂದನೇದು ಕೆಟ್ಟಿತು," ಅಂದಳು ವರ್ನಾ ಡೆಲ್ಫಾಸ್.
ಎಪ್ಪತ್ತರ ಹತ್ತಿರದ ಹೆಂಗಸು, ಕಾಲಿಗೆ ಗಂಡಸರ ಬೂಟು.
"ಗೋಡೆಯ ಕಡೆ ಸೇರಿಹೋಗಿತ್ತು, ಎರಡು ಬೇಸಿಗೆ ಮರೆತೆ.
ಕರಿ ಬಿಯರಿಗೆ ಹುಳಿ ಚೆರ್ರಿ ಸುರಿದಿದ್ದೆ, ಬೀಜಸಮೇತ.
ಈಗ ಮೂಗು ಹತ್ತಿರ ತಂದರೆ ವಿನಿಗರ್.
ಚೆಲ್ಲೋಣ, ತೆರಿಗೆಯಾದರೂ ಉಳೀಲಿ."

ಚೆಲ್ಲುವುದು ನಮ್ಮ ಮನೆತನದ ಕಸುಬು.
ಅಪ್ಪ ಹೊಸದುರ್ಗದಲ್ಲಿ ಅಬಕಾರಿ ಗಾರ್ಡು.
ಹಳ್ಳದ ಪೊದೆಯಲ್ಲಿ ಹೂತಿಟ್ಟ ಗಡಿಗೆಗಳನ್ನು
ಮೂಸಿ ಹುಡುಕುತ್ತಿದ್ದ, ಲಾಠಿಯಲ್ಲಿ ಒಡೆಯುತ್ತಿದ್ದ,
ಸಂಜೆ ಬಂದು ಅಂಗಿ ಬಿಚ್ಚಿ ತಾನೇ ನೆನೆಹಾಕುತ್ತಿದ್ದ.
ಇದು ಬೆಲ್ಲದ್ದು, ಇದು ಕೊಳೆತ ಬಾಳೆಯದು,
ಇದಕ್ಕೆ ನವಸಾಗರ ಹಾಕಿದ್ದಾರೆ ಬಡ್ಡೀಮಕ್ಕಳು,
ಎಲ್ಲ ವಾಸನೆಯಲ್ಲೇ. ತೊಟ್ಟು ಕುಡಿದವನಲ್ಲ.
ರುಚಿ ಹೇಗಿರುತ್ತಪ್ಪ ಅಂದರೆ
"ನೆಲಕ್ಕೆ ಗೊತ್ತು, ಹೋಗಿ ನೆಲಾನೇ ಕೇಳು."

ಸಹಿ ಹಾಕಿದೆ. ಅವಳೂ ಹಾಕಿದಳು. ಹತ್ತು ಗಂಟೆ ನಲವತ್ತು ನಿಮಿಷ.
"ಮಣ್ಣಿಗೆ ಮುಂಚೆ ಮುಖ ನೋಡಬೇಕಲ್ಲ,"
ಪೀಪಾಯಿಯ ಮುಖದ ಮೊಳೆ ಕಿತ್ತಳು.
ದಬ್ಬಳದಷ್ಟು ದಪ್ಪದ ಧಾರೆ ಲೋಟಕ್ಕೆ ಹಾರಿತು.
ಕಿಟಕಿಗೆ ಹಿಡಿದಳು. ಬೆಳಕು ಒಳಗೆ ಹೋಗಲಿಲ್ಲ,
ಅಂಚಿನಲ್ಲಿ ಮಾತ್ರ, ಜಜ್ಜಿದ ಉಗುರಿನಡಿಯ ಕೆಂಪು.
ಕುಡಿದಳು. ನಿಂತಳು. ಮತ್ತೊಂದು ಗುಟುಕು.
ಏನೂ ಹೇಳದೆ ಲೋಟ ನನ್ನ ಕಡೆ ಚಾಚಿದಳು.

ಡ್ಯೂಟಿಯಲ್ಲಿ ಕುಡಿಯಕೂಡದು.
ಆ ನಿಯಮದ ನಂಬರೂ ನನಗೆ ಬಾಯಿಪಾಠ.
ಅದೇ ಬಾಯಿಗೆ ಇಟ್ಟುಕೊಂಡೆ.

ಮೊದಲು ಹುಳಿ.
ದವಡೆಯ ಮೂಲೆಯಲ್ಲಿ ಮೇಷ್ಟರು ಕಿವಿ ಹಿಂಡಿದ ಹಾಗೆ,
ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.
ಅದರ ಬೆನ್ನಿಗೇ ಕರಿ: ಸೀದ ರೊಟ್ಟಿಯ ಅಂಚು,
ಕಾಫಿಬೀಜ ಹುರಿದು ತೊಳೆಯದೆ ಬಿಟ್ಟ ಬಾಣಲೆ.
ಆಮೇಲೆ ಹಣ್ಣು. ಹಣ್ಣೂ ಅಲ್ಲ, ಬೀಜದೊಳಗಿನ ಬೀಜ,
ಬಾದಾಮಿಯಂತೆ ಬಂದು ಕಹಿಯಾಗಿ ಹೋಗುವುದು.
ನುಂಗಿ ಎಷ್ಟೋ ಹೊತ್ತಾದ ಮೇಲೆ
ನಾಲಿಗೆಯ ಎರಡೂ ಬದಿ ಒಣಗಿ, ಬಿಗಿದು,
ಹಲ್ಲಿಗೆ ಹಲ್ಲು ತಾಗಿದರೆ ಕಿರ್ ಅನ್ನುವಂಥ—

"ಆ ಕೊನೆಯದು. ಅದಕ್ಕೇನಂತೀರಿ ನೀವು?"
"ಒಗರು," ಅಂದೆ.
ನೇರಳೆ ತಿಂದವರಿಗೆ ಇಷ್ಟು ಸಾಕು,
ಅವಳಿಗೆ ತಿಳಿಸಬೇಕಾದರೆ ಮರವನ್ನೇ ನೆಡಬೇಕು,
ಈ ಮಂಜಿನಲ್ಲಿ.
"ಒಗ್ರು," ಅಂದಳು, ಖಾಲಿ ಲೋಟದೊಳಗೆ, ತನಗೆ ತಾನೇ.

ಕೆಟ್ಟಿರಲಿಲ್ಲ.
ಇಬ್ಬರಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.
ಫಾರಂ ಹರಿಯಬಹುದು, ಬೇರೆ ಬರೆಯಬಹುದು, 
ನನ್ನ ಚೀಲದಲ್ಲಿ ಇನ್ನೂ ಆರು ಖಾಲಿ ಹಾಳೆಯಿತ್ತು.
ಹೇಳಲೆಂದು ರಟ್ಟು ಎತ್ತಿದೆ.
ಅವಳಾಗಲೇ ಪೀಪಾಯಿಗೆ ಭುಜ ಕೊಟ್ಟಿದ್ದಳು.
"ಮಾರಿದರೆ ಬರುವ ವರ್ಷವೂ ಇದನ್ನೇ ಕೇಳ್ತಾರೆ.
ಹೇಗೆ ಮರೆತೆ ಅನ್ನೋದು ನನಗೆಲ್ಲಿ ನೆನಪಿದೆ?"

ಚರಂಡಿಯ ಜಾಲರಿ ಗಟಗಟನೆ ಕುಡಿಯಿತು.
ಶೆಡ್ಡಿನ ತುಂಬ ಜುಲೈ ತಿಂಗಳ ಘಮ.
ಇಲ್ಲಿಯ ನೆಲ ಕಾಂಕ್ರೀಟು, ಅದಕ್ಕೇನು ಗೊತ್ತು.
ಮೊಳೆಯ ತೂತಿನಿಂದ ಮೊದಲೇ ಹಿಡಿದಿಟ್ಟ
ಎರಡು ಬೆರಳಿನಷ್ಟು ಲೋಟದಲ್ಲಿತ್ತು.
"ಇದು ಪೀಪಾಯಿಯಲ್ಲಿಲ್ಲ, ನಿಮ್ಮ ಲೆಕ್ಕದಲ್ಲೂ ಇಲ್ಲ," ಅಂದಳು.
ಅರ್ಧ ಅವಳಿಗೆ, ಅರ್ಧ ನನಗೆ.

ಕಾರಿನ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿದೆ. ಸ್ವಲ್ಪ ಕಪ್ಪು.
ಬಾಗಿಲ ಮೇಲೆ ಇಲಾಖೆಯ ಮುದ್ರೆ.
ಕಿಟಕಿ ಇಳಿಸಿ, ಕೀಲಿಕೈ ತಿರುಗಿಸದೆ
ಒಂದು ಗಂಟೆ ಕೂತೆ.
ಹುಳಿ ಹೋಯಿತು, ಕಹಿ ಹೋಯಿತು,
ಒಗರು ಇನ್ನೂ ಹೊರಟಿರಲಿಲ್ಲ.